ಇದ್ದಿಲು ಕಟ್ಟಿದ ಎರಡು ನಾಡುಗಳು



ಶಿವಮೊಗ್ಗದಲ್ಲಿ ಕೋಟೆ ಎಂದರೆ ಇಂದು ಒಂದು ರಸ್ತೆಯ ಹೆಸರು, ಒಂದು ಬಡಾವಣೆಯ ಹೆಸರು. ಗೋಡೆ ಎಲ್ಲಿತ್ತು, ಕಂದಕ ಎಲ್ಲಿತ್ತು ಎಂದು ಕೇಳಿದರೆ ಬೆರಳು ಮಾಡಿ ತೋರಿಸುವವರು ವಿರಳ. ಆದರೆ ಕೋಟೆಯ ಒಳಗೆ ಏನಿತ್ತೋ ಅದು ಅಷ್ಟಿಷ್ಟು ಉಳಿದಿದೆ. ತುಂಗೆಯ ದಂಡೆ ಇದೆ. ಸೀತಾರಾಮಾಂಜನೇಯನ ಗುಡಿ ಇದೆ. ಎರಡು ವರ್ಷಕ್ಕೊಮ್ಮೆ ಜಾತ್ರೆ ನಡೆಯುವ ಮಾರಿಕಾಂಬೆಯ ಗದ್ದುಗೆ ಇದೆ. ಜಾತ್ರೆಯ ಮೊದಲ ದಿನ ದೇವಿ ಗಾಂಧಿ ಬಜಾರಿನ ತವರಿನಲ್ಲಿದ್ದು, ಆಮೇಲೆ ಕೋಟೆಗೆ ಬರುವುದನ್ನು ತಾವೆಲ್ಲ ನೋಡಿಯೇ ಇದ್ದೀರಿ. ಇವೆಲ್ಲದರ ನಡುವೆ ಶಿವಪ್ಪ ನಾಯಕನ ಹೆಸರು ಹೊತ್ತ ಅರಮನೆಯೂ ನಿಂತಿದೆ.

ಈ ಅರಮನೆಯನ್ನು ಕೆಳದಿಯ ಶಿವಪ್ಪ ನಾಯಕನೇ ಕಟ್ಟಿಸಿದನೇ ಎಂಬ ಪ್ರಶ್ನೆಗೆ ಇತಿಹಾಸಕಾರರು ತಲೆಯಾಡಿಸುವುದಿಲ್ಲ. ಅವನ ಆಳ್ವಿಕೆ 1645ರಿಂದ 1660ರವರೆಗೆ; ಈಗಿರುವ ಕಟ್ಟಡದ ಕಮಾನುಗಳ ಧಾಟಿ ಅದಕ್ಕಿಂತ ಒಂದು ಶತಮಾನ ಈಚಿನದು, ಹೈದರನ ಕಾಲದ್ದಿರಬೇಕು ಎಂದು ಅವರ ಅಭಿಪ್ರಾಯ. ಜನ ಮಾತ್ರ ಅದನ್ನು ಶಿವಪ್ಪ ನಾಯಕನಿಗೇ ಒಪ್ಪಿಸಿಬಿಟ್ಟಿದ್ದಾರೆ. ಭೂಮಿಯ ಗುಣ ನೋಡಿ ಕಂದಾಯ ಕಟ್ಟಿದ ‘ಶಿಸ್ತಿನ’ ದೊರೆಗೆ ಇಷ್ಟು ಋಣ ಸಲ್ಲಬೇಕಾದ್ದೇ. ಯಾರೇ ಕಟ್ಟಿಸಿರಲಿ, ಅರಮನೆಯ ದರ್ಬಾರಿನೊಳಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಮರದ ಕಂಬಗಳು. ಹೊರಗಿನ ಅಂಗಳದಲ್ಲಿ ಸುತ್ತಲ ಊರುಗಳಿಂದ ತಂದ ಕಲ್ಲಿನ ಶಿಲ್ಪಗಳನ್ನು ಇಟ್ಟಿದ್ದಾರೆ. ಅರಮನೆಯ ಭಾರವನ್ನು ಹೊತ್ತಿರುವುದು ಮಾತ್ರ ಮರ.

ಈ ಮಾತನ್ನು ನೆನಪಿನಲ್ಲಿಡಬೇಕು. ಶಿವಮೊಗ್ಗ–ಭದ್ರಾವತಿ ಸೀಮೆಯಲ್ಲಿ ಯಾವುದನ್ನು ಮುಟ್ಟಿದರೂ ಕೊನೆಗೆ ಮರಕ್ಕೇ ಹೋಗಿ ನಿಲ್ಲುತ್ತದೆ. ಸೊರಬ, ಸಾಗರಗಳ ಗುಡಿಗಾರರ ಕೈಯಲ್ಲಿ ಮರ ಗಂಧದ ಪೆಟ್ಟಿಗೆಯಾಯಿತು. 1940ರ ದಶಕದಲ್ಲಿ ಶಿವಮೊಗ್ಗೆಯಲ್ಲಿ ತೆರೆದ ಕಾರ್ಖಾನೆಯಲ್ಲಿ ಗಂಧದೆಣ್ಣೆಯಾಯಿತು. ಭದ್ರಾವತಿಯ ಒಂದು ದಂಡೆಯಲ್ಲಿ ಕಾಗದವಾಯಿತು, ಇನ್ನೊಂದೆಡೆ ಕಬ್ಬಿಣವಾಯಿತು. ಮರ ಕಬ್ಬಿಣವಾಗುವುದೆಂದರೇನು ಎಂದು ಹೊಸ ತಲೆಮಾರಿನವರು ಕೇಳಬಹುದು. ಇಂದಿನ ವಿಷಯ ಅದೇ. ಅದನ್ನು ತಿಳಿಯಲು ಜಪಾನಿನ ಒಂದು ಮೂಲೆಯನ್ನೂ ಜೊತೆಗಿಟ್ಟುಕೊಂಡು ನೋಡುವುದು ಉಪಯುಕ್ತ. ಆ ಮೂಲೆಯ ಹೆಸರು ಇಜುಮೊ. ಈಗಿನ ಆಡಳಿತದ ಲೆಕ್ಕದಲ್ಲಿ ಶಿಮಾನೆ ಪ್ರಾಂತ್ಯದ ಪೂರ್ವಭಾಗ.

ಮೊದಲು ಈ ಕಡೆಯ ನೆಲ. ತುಂಗೆ, ಭದ್ರೆ ಎರಡೂ ಹುಟ್ಟುವುದು ಪಶ್ಚಿಮ ಘಟ್ಟದ ವರಾಹ ಪರ್ವತದ ಗಂಗಾಮೂಲದಲ್ಲಿ. ಭೂಮಿಯನ್ನು ಎತ್ತಿ ತಂದ ವರಾಹ ದಣಿದು ಕುಳಿತಾಗ ಅವನ ಎರಡು ಕೋರೆಗಳಿಂದ ಎರಡು ನದಿ ಇಳಿದವೆಂದು ಪುರಾಣ. ಒಂದೇ ಬಸಿರಿನಿಂದ ಬಂದು ಬೇರೆ ಬೇರೆ ದಾರಿ ಹಿಡಿಯುವ ಈ ಅಕ್ಕತಂಗಿಯರು ಒಂದೂರನ್ನು ತುಂಗೆಗೆ, ಒಂದೂರನ್ನು ಭದ್ರೆಗೆ ಹಂಚಿಕೊಟ್ಟು, ಶಿವಮೊಗ್ಗದಿಂದ ಹದಿನಾರು ಕಿಲೋಮೀಟರು ದೂರದ ಕೂಡಲಿಯಲ್ಲಿ ಸೇರುತ್ತವೆ. ಕುಡಿಯಲು ತುಂಗೆ, ಮೀಯಲು ಗಂಗೆ ಎಂದು ಗಾದೆಯೇ ಇದೆ. ಭದ್ರೆಗೆ ಅಂಥ ಗಾದೆ ಹುಟ್ಟಲಿಲ್ಲ. ಅವಳ ಪಾಲಿಗೆ ಬಂದದ್ದು ದುಡಿಮೆ: ಲಕ್ಕವಳ್ಳಿಯಲ್ಲಿ ಅಣೆಕಟ್ಟು, ಭದ್ರಾವತಿಯಲ್ಲಿ ಕಾರ್ಖಾನೆ, ಮುಂದೆ ದಾವಣಗೆರೆಯ ಬಯಲಿನ ಗದ್ದೆ.

ಭದ್ರೆಯ ಪೂರ್ವಕ್ಕೆ ಬಾಬಾಬುಡನ್ ಗಿರಿಶ್ರೇಣಿ. ಇಲ್ಲಿಯ ಕಬ್ಬಿಣದ ಅದಿರು ಪಟ್ಟೆ ಪಟ್ಟೆಯಾಗಿ ಹಾಸಿದ ಬಂಡೆಗಳಲ್ಲಿದೆ. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ, ನೆಲದ ಮೇಲೆ ಒಂದು ಹುಲ್ಲೆಸಳೂ ಇಲ್ಲದ ಕಾಲದಲ್ಲಿ, ಸಮುದ್ರದ ತಳದಲ್ಲಿ ಕೂತ ಪದರಗಳು ಅವು. ಕೆಮ್ಮಣ್ಣುಗುಂಡಿ ಎಂಬ ಹೆಸರಿಟ್ಟವರು ಭೂವಿಜ್ಞಾನಿಗಳಲ್ಲ. ಆದರೂ ಹೆಸರಿನಲ್ಲೇ ಅದಿರಿನ ಸುಳಿವು ಇದೆ. ಭದ್ರಾವತಿಯ ಹಳೆಯ ಹೆಸರು ಇನ್ನೂ ಸೋಜಿಗದ್ದು. ಕಾರ್ಖಾನೆ ಬರುವ ಮೊದಲು ಅದು ಬೆಂಕಿಪುರ. ವಂಕಿ ಎಂಬ ಋಷಿಯ ಊರು ವಂಕಿಪುರವೇ ಬಾಯಿಂದ ಬಾಯಿಗೆ ಬೆಂಕಿಪುರವಾಯಿತೆಂದು ಸ್ಥಳಪುರಾಣ. ಕುಲುಮೆ ಹೊತ್ತಿಕೊಳ್ಳುವ ಮುಂಚೆಯೇ ಊರಿಗೆ ಬೆಂಕಿಯ ಹೆಸರು ಬಂದು, ಕುಲುಮೆ ಹೊತ್ತಿಕೊಂಡ ಕಾಲಕ್ಕೆ ಊರು ತಣ್ಣನೆಯ ನದಿಯ ಹೆಸರು ಪಡೆಯಿತು! ಹಳೇನಗರದಲ್ಲಿರುವ ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯ ಆ ಬೆಂಕಿಪುರದ ಕುರುಹು. ಹೊಯ್ಸಳರ ತ್ರಿಕೂಟ ಅದು; ಮೂರು ಗರ್ಭಗುಡಿಗಳು ಒಂದೇ ನವರಂಗಕ್ಕೆ ಬಾಯಿ ತೆರೆದಿವೆ. ಉಕ್ಕಿನ ಊರೆಂದೇ ಭದ್ರಾವತಿಯನ್ನು ಬಲ್ಲವರಲ್ಲಿ ಎಷ್ಟೋ ಜನ ಆ ಗುಡಿಯ ಬಾಗಿಲಿಗೆ ಹೋಗಿರುವುದಿಲ್ಲ.

ಇನ್ನು ಇಜುಮೊ. ಜಪಾನಿನ ದೊಡ್ಡ ದ್ವೀಪದ ಪಶ್ಚಿಮ ಭಾಗ, ಕೊರಿಯಾ ಕಡೆ ಮುಖ ಮಾಡಿದ ಕಡಲತೀರ. ಒಳಗೆ ಹೋದರೆ ಮಲೆನಾಡಿನಂತೆಯೇ ಮಡಿಕೆ ಮಡಿಕೆಯ ಕಾಡುಗುಡ್ಡ, ನಡುನಡುವೆ ಭತ್ತದ ಕಣಿವೆ. ಒಕುಇಜುಮೊ ಎಂದು ಕರೆಯುವ ಆ ಒಳನಾಡಿನಲ್ಲಿ ಬೆಟ್ಟಗಳು ಗ್ರಾನೈಟಿನವು. ಕಲ್ಲು ಸವೆದು ಪುಡಿಯಾದಲ್ಲಿ ಕಪ್ಪು ಕಬ್ಬಿಣದ ಮರಳು ಸಿಗುತ್ತದೆ. ಬಾಬಾಬುಡನ್ನಿನಲ್ಲಿರುವಂತೆ ಬೆಟ್ಟವೇ ಅದಿರಲ್ಲ. ರಾಶಿ ಮಣ್ಣು ತೊಳೆದರೆ ಬೊಗಸೆ ಮರಳು. ಇಷ್ಟು ಜಿಪುಣ ನೆಲದಲ್ಲಿ ಅಲ್ಲಿಯ ಜನ ಒಂದು ದೇಶಕ್ಕೆ ಬೇಕಾದ ಕಬ್ಬಿಣದ ಬಹುಪಾಲನ್ನು ಶತಮಾನಗಳ ಕಾಲ ತೆಗೆದರು.

ಅವರ ಕುಲುಮೆಯ ಹೆಸರು ತತಾರ. ಜೇಡಿಮಣ್ಣಿನಿಂದ ಕಟ್ಟಿದ, ದೋಣಿಯಂತೆ ಉದ್ದಕ್ಕಿರುವ ಒಲೆ. ಎರಡೂ ಪಕ್ಕದಿಂದ ತಿದಿಯ ಗಾಳಿ. ಮೇಲಿಂದ ಒಂದು ಸಲ ಕಬ್ಬಿಣದ ಮರಳು, ಒಂದು ಸಲ ಇದ್ದಿಲು. ಹೀಗೆ ಮೂರು ಹಗಲು ಮೂರು ರಾತ್ರಿ ಎಡೆಬಿಡದೆ. ಕೊನೆಗೆ ಒಲೆಯನ್ನೇ ಒಡೆದು ಒಳಗಿನ ಗಟ್ಟಿಯನ್ನು ಎಳೆಯುತ್ತಾರೆ. ಸುಮಾರು ಹತ್ತು ಟನ್ ಮರಳು, ಹನ್ನೆರಡು ಟನ್ ಇದ್ದಿಲು ಸುರಿದರೆ ಎರಡೂವರೆ ಟನ್ನಿನ ಗಟ್ಟಿ. ಅದರಲ್ಲಿ ಒಂದು ಭಾಗ ಮಾತ್ರ ಖಡ್ಗಕ್ಕೆ ಯೋಗ್ಯವಾದ ತಮಹಗನೆ ಉಕ್ಕು. ಈ ಕೆಲಸದ ಯಜಮಾನನಿಗೆ ಮುರಗೆ ಎನ್ನುತ್ತಾರೆ. ಉರಿಯ ಬಣ್ಣ, ತೂತಿನಲ್ಲಿ ಕಾಣುವ ಹೊಳಪು, ಒಳಗಿನಿಂದ ಬರುವ ಸದ್ದು, ಇವೇ ಅವನ ಉಪಕರಣಗಳು. ಬೆಲ್ಲದ ಆಲೆಮನೆಯಲ್ಲಿ ಪಾಕದ ಹದ ನೋಡುವ ಗಾಣಿಗನನ್ನು ಕಂಡವರಿಗೆ ಈ ವಿದ್ಯೆ ಅಷ್ಟು ಅಪರಿಚಿತವಲ್ಲ.

ಹತ್ತು ಟನ್ ಮರಳಿಗೆ ಹನ್ನೆರಡು ಟನ್ ಇದ್ದಿಲು ಎಂಬ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು. ಹಳೆಯ ವಿಧಾನದಲ್ಲಿ ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಕಟ್ಟಿಗೆಯಾದರೂ ಬೇಕು. ಅಂದರೆ ಒಂದು ಸಲ ಒಲೆ ಹೊತ್ತಿಸಲು ಐವತ್ತು ಟನ್ನಿನಷ್ಟು ಮರ. ಹೀಗಾಗಿ ಇಜುಮೊದಲ್ಲಿ ಕಬ್ಬಿಣದ ಒಡೆಯರೆಂದರೆ ಕಾಡಿನ ಒಡೆಯರು. ತನಬೆ ಮೊದಲಾದ ಮನೆತನಗಳು ಗುಡ್ಡಗುಡ್ಡಗಳನ್ನೇ ಹೊಂದಿದ್ದವು. ಕಡಿದ ಕಾಡು ಮತ್ತೆ ಚಿಗುರಿ ಬಲಿಯಲು ಸುಮಾರು ಮೂವತ್ತು ವರ್ಷ ಬೇಕು. ಆದ್ದರಿಂದ ಕಾಡನ್ನು ಪಾಲು ಮಾಡಿ ಸರದಿಯಲ್ಲಿ ಕಡಿಯುತ್ತಿದ್ದರು. ಬುಡ ಬಿಟ್ಟು ಕಡಿದರೆ ಓಕ್ ಜಾತಿಯ ಮರ ತಾನೇ ಚಿಗುರುತ್ತದೆ. ಈ ಎಚ್ಚರಿಕೆಯನ್ನು ಋಷಿಗಳ ಸಂಯಮವೆಂದು ಹೊಗಳುವುದು ಬೇಡ. ಕಾಡು ಮುಗಿದರೆ ಒಲೆ ಮುಗಿಯಿತೆಂಬ ವ್ಯಾಪಾರದ ಲೆಕ್ಕ ಅದು. ಹೊಳೆಯ ವಿಷಯದಲ್ಲಿ ಆ ಎಚ್ಚರಿಕೆ ಇರಲಿಲ್ಲವೆಂಬುದೇ ಇದಕ್ಕೆ ಸಾಕ್ಷಿ. ಬೆಟ್ಟ ಕಡಿದು ನಾಲೆಯಲ್ಲಿ ತೊಳೆದ ಮಣ್ಣೆಲ್ಲ ಹೀ ನದಿಗೆ ಹೋಗಿ, ನದಿಯ ತಳ ಏರಿ, ಸುತ್ತಲ ಹೊಲಗಳಿಗಿಂತ ಎತ್ತರದಲ್ಲಿ ಹರಿಯತೊಡಗಿತು. ಕೆಳಗಿನ ರೈತರಿಗೆ ಪ್ರವಾಹ ತಪ್ಪಲಿಲ್ಲ. ಜಪಾನಿನ ಪುರಾಣದಲ್ಲಿ ಈ ನದಿಯ ತಲೆಕಟ್ಟಿನಲ್ಲಿ ಎಂಟು ತಲೆಯ ಸರ್ಪವೊಂದಿದೆ. ಸುಸನೊ ದೇವತೆ ಅದನ್ನು ಕೊಂದಾಗ ಬಾಲದೊಳಗೆ ಖಡ್ಗ ಸಿಕ್ಕಿತಂತೆ. ಕವಲುಕವಲಾಗಿ ಉಕ್ಕುವ ಕೆನ್ನೀರಿನ ಹೊಳೆ, ಅದರ ಒಡಲಲ್ಲಿ ಕಬ್ಬಿಣ ಎಂದು ವಿದ್ವಾಂಸರು ಕೆಲವರು ಈ ಕತೆಯನ್ನು ಬಿಡಿಸುತ್ತಾರೆ. ಆದರೆ ಅದೇ ಮಣ್ಣಿನಿಂದ ಇಜುಮೊದ ಬಯಲು ಬೆಳೆಯಿತು, ಕಡಿದ ಬೆಟ್ಟದ ತಟ್ಟುಗಳು ಭತ್ತದ ಗದ್ದೆಗಳಾದವು ಎಂಬುದನ್ನೂ ಹೇಳಬೇಕು. ಒಕುಇಜುಮೊದ ಅಕ್ಕಿಗೆ ಇಂದು ಜಪಾನಿನಲ್ಲಿ ಒಳ್ಳೆಯ ಹೆಸರಿದೆ.

ಈಗ ವಿಶ್ವೇಶ್ವರಯ್ಯನವರ ಮಾತಿಗೆ ಬರಬೇಕು. ಮುಂಬಯಿ ಸರ್ಕಾರದ ನೌಕರಿಯಲ್ಲಿದ್ದಾಗಲೇ, 1898ರಲ್ಲಿ, ಅವರು ಜಪಾನಿಗೆ ಹೋಗಿ ಸುಮಾರು ಮೂರು ತಿಂಗಳು ಇದ್ದು ಬಂದರು. ಕೆಲವು ದಶಕಗಳ ಹಿಂದೆ ಬಾಗಿಲು ಮುಚ್ಚಿ ಕೂತಿದ್ದ ದೇಶ ಶಾಲೆ, ಬ್ಯಾಂಕು, ರೈಲು, ಕಾರ್ಖಾನೆಗಳಿಂದ ಎದ್ದು ನಿಂತದ್ದು ಅವರ ಮನಸ್ಸಿನಲ್ಲಿ ಕೂತಿತು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿ ಅವರು ಮಾಡಿದ ಕೆಲಸಗಳಲ್ಲಿ ಆ ಪ್ರವಾಸದ ನೆರಳು ಮತ್ತೆ ಮತ್ತೆ ಕಾಣುತ್ತದೆ.

ಆದರೆ ಅವರು ನೋಡಿ ಮೆಚ್ಚಿದ ಜಪಾನು ಇಜುಮೊದ ಜಪಾನಲ್ಲ. ಆ ದೇಶ ಆಗ ಕ್ಯೂಷು ದ್ವೀಪದ ಯವತದಲ್ಲಿ ಕಲ್ಲಿದ್ದಲಿನ ಬಲದ ದೊಡ್ಡ ಉಕ್ಕಿನ ಕಾರ್ಖಾನೆ ಕಟ್ಟುತ್ತಿತ್ತು. 1901ರಲ್ಲಿ ಅದರ ಊದುಕುಲುಮೆ ಹೊತ್ತಿತು. ಹೊರಗಿನಿಂದ ಬರುವ ಅಗ್ಗದ ಕಬ್ಬಿಣ, ಒಳಗೆ ಯವತದ ಉಕ್ಕು. ಇವೆರಡರ ನಡುವೆ ಮಣ್ಣಿನ ಒಲೆಗಳು ಒಂದೊಂದಾಗಿ ಆರಿದವು. ಸುಗಯ ಎಂಬ ಹಳ್ಳಿಯ ತತಾರ 1751ರಲ್ಲಿ ಹೊತ್ತಿಕೊಂಡು 1921ರಲ್ಲಿ ನಿಂತಿತು. 1920ರ ದಶಕದ ಮೊದಲರ್ಧದಲ್ಲಿ ವ್ಯಾಪಾರಕ್ಕಾಗಿ ನಡೆಯುತ್ತಿದ್ದ ತತಾರಗಳ ಕತೆಯೇ ಮುಗಿಯಿತು.

ಸರಿಯಾಗಿ ಆಗಲೇ ಭದ್ರಾವತಿಯಲ್ಲಿ ಇದ್ದಿಲಿನ ಕುಲುಮೆ ಹೊತ್ತಿಕೊಂಡಿತು ಎಂಬುದು ಯೋಚಿಸಬೇಕಾದ ಸಂಗತಿ. ಯವತದ ಕನಸು ಕಂಡವರು ಇಜುಮೊದ ದಾರಿ ಹಿಡಿಯಬೇಕಾಗಿ ಬಂದದ್ದೇಕೆ? ಉತ್ತರ ಭೂಗೋಲದಲ್ಲಿದೆ. ಮೈಸೂರು ಸಂಸ್ಥಾನದಲ್ಲಿ ಅದಿರು ಹೇರಳ, ಸುಣ್ಣಕಲ್ಲು ಇತ್ತು, ಕಲ್ಲಿದ್ದಲು ಮಾತ್ರ ಒಂದು ಚೂರೂ ಇಲ್ಲ. ಬಂಗಾಳ, ಬಿಹಾರಗಳಿಂದ ಕೋಕ್ ತರಿಸಿದರೆ ರೈಲಿನ ಬಾಡಿಗೆಯೇ ಕಬ್ಬಿಣವನ್ನು ನುಂಗಿಬಿಡುತ್ತಿತ್ತು. ಇದ್ದದ್ದು ಮಲೆನಾಡಿನ ಕಾಡು. 1899ರಲ್ಲೇ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿತ್ತು. ಅದರ ದಾರಿಯಲ್ಲೇ ಬೆಂಕಿಪುರ, ಪಕ್ಕದಲ್ಲೇ ವರ್ಷವಿಡೀ ಹರಿಯುವ ಭದ್ರೆ. ಜಮ್‌ಷೆಡ್‌ಪುರದ ಟಾಟಾ ಕಾರ್ಖಾನೆಗೆ ಸಲಹೆ ಕೊಟ್ಟಿದ್ದ ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಸಂಸ್ಥೆಯವರೇ ಇಲ್ಲಿಗೂ ಸಲಹೆಗಾರರಾದರು. ದಿವಾನಗಿರಿಯ ಕೊನೆಯ ವರ್ಷ 1918ರಲ್ಲಿ ಯೋಜನೆಗೆ ಮಂಜೂರಾತಿ ಸಿಕ್ಕಿತು. 1923ರ ಜನವರಿ 18ರಂದು ಉತ್ಪಾದನೆ ಆರಂಭ.

ಕಾರ್ಖಾನೆಯ ಮೊದಲ ಹೆಸರಿನಲ್ಲೇ ಕಟ್ಟಿಗೆ ಮುಂದಿತ್ತು, ಕಬ್ಬಿಣ ಹಿಂದಿತ್ತು: ಮೈಸೂರು ಮರ ಬಟ್ಟಿ ಇಳಿಸುವ ಮತ್ತು ಕಬ್ಬಿಣದ ಕಾರ್ಖಾನೆ. ಬಟ್ಟಿ ಇಳಿಸುವುದೆಂದರೆ, ಕಟ್ಟಿಗೆಯನ್ನು ಗಾಳಿಯಾಡದ ಕಬ್ಬಿಣದ ಗೂಡುಗಳಲ್ಲಿಟ್ಟು ಕಾಯಿಸುವುದು. ಗೂಡಿನಲ್ಲಿ ಇದ್ದಿಲು ಉಳಿಯುತ್ತದೆ. ಕಾಡಿನ ಗುಂಡಿಯಲ್ಲಿ ಸುಟ್ಟರೆ ಹೊಗೆಯಾಗಿ ಹೋಗುವುದನ್ನು ಇಲ್ಲಿ ಕೊಳವೆಯಲ್ಲಿ ಹಿಡಿದು ತಣಿಸಿ ಮರದ ಮದ್ಯಸಾರ, ಸುಣ್ಣದ ಅಸಿಟೇಟ್, ಡಾಂಬರು ತೆಗೆಯುತ್ತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಸಿಡಿಮದ್ದಿಗೆ ಬೇಕಾದ ಅಸಿಟೋನಿಗಾಗಿ ಅಸಿಟೇಟಿಗೆ ವಿಪರೀತ ಬೇಡಿಕೆ ಇತ್ತು. ಈ ಪದಾರ್ಥಗಳನ್ನು ಮಾರಿದರೆ ಇದ್ದಿಲು ಬಹುತೇಕ ಅಗ್ಗಕ್ಕೆ ಬಿದ್ದ ಹಾಗೆ ಎಂಬುದು ಯೋಜನೆಯ ಜಾಣತನ. ಆದರೆ ಕುಲುಮೆ ಹೊತ್ತುವ ಹೊತ್ತಿಗೆ ಯುದ್ಧ ಮುಗಿದು ನಾಲ್ಕು ವರ್ಷವಾಗಿತ್ತು. ಅಸಿಟೇಟನ್ನು ಕೇಳುವವರಿಲ್ಲ, ಕಬ್ಬಿಣದ ಬೆಲೆಯೂ ಬಿದ್ದುಹೋಗಿತ್ತು.

ಕೆಮ್ಮಣ್ಣುಗುಂಡಿಯ ಅದಿರು ತೊಟ್ಟಿಗಳಲ್ಲಿ ತುಂಬಿ, ಹಗ್ಗದ ದಾರಿಯಲ್ಲಿ ಕಣಿವೆಯ ಮೇಲೆ ತೇಲಿ ಕೆಳಗಿಳಿಯುತ್ತಿತ್ತು; ಅಲ್ಲಿಂದ ಟ್ರಾಮ್ ಬಂಡಿಯಲ್ಲಿ ಭದ್ರಾವತಿಗೆ. ಕಾಡಿನ ಕೂಪುಗಳಿಂದಲೂ ಕಟ್ಟಿಗೆ ಬರುತ್ತಿತ್ತು. ದಿನಕ್ಕೆ 60 ಟನ್ನಿನ ಕುಲುಮೆ ಅದು. ಇದ್ದಿಲಿನ ಕುಲುಮೆಯನ್ನು ಬೇಕಾದಷ್ಟು ಎತ್ತರ ಕಟ್ಟಲು ಬರುವುದಿಲ್ಲ. ಕೋಕಿನಂತೆ ಇದ್ದಿಲು ಗಟ್ಟಿಯಲ್ಲ, ಮೇಲಿನ ಅದಿರಿನ ಭಾರಕ್ಕೆ ಪುಡಿಯಾಗಿ ಗಾಳಿಯ ದಾರಿ ಕಟ್ಟಿಬಿಡುತ್ತದೆ. ಆದ್ದರಿಂದ ಕುಲುಮೆ ಚಿಕ್ಕದು, ಖರ್ಚು ಹೆಚ್ಚು. ಇದಕ್ಕೆ ಪ್ರತಿಯಾಗಿ ಒಂದು ಲಾಭವೂ ಉಂಟು. ಕಲ್ಲಿದ್ದಲಿನ ಗಂಧಕ ಇದ್ದಿಲಿನಲ್ಲಿ ಇರುವುದಿಲ್ಲ, ಕಬ್ಬಿಣ ಶುದ್ಧ. ಇಜುಮೊದ ಖಡ್ಗದ ಕೀರ್ತಿಗೂ ಭದ್ರಾವತಿಯ ಕಬ್ಬಿಣದ ಹೆಸರಿಗೂ ಇದೊಂದು ಸಮಾನ ಕಾರಣ.

ಹೆಸರು ಒಳ್ಳೆಯದಾಗಿದ್ದರೂ ಲೆಕ್ಕದ ಪುಸ್ತಕ ಕೆಂಪಾಗಿತ್ತು. ಸಂಸ್ಥಾನ ಬಿಳಿಯಾನೆ ಸಾಕಿಕೊಂಡಿದೆ ಎಂದು ಟೀಕಿಸಿದವರು ಕಡಿಮೆಯಿಲ್ಲ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಮತ್ತೆ ಕರೆಸಿ ಆಡಳಿತ ಮಂಡಳಿಯ ಅಧ್ಯಕ್ಷತೆ ಒಪ್ಪಿಸಲಾಯಿತು. 1923ರಿಂದ 1929ರವರೆಗೆ ಅವರು ಆ ಹೊಣೆ ಹೊತ್ತರು. ಹೆಚ್ಚಿನ ಸಂಬಳದ ವಿದೇಶೀ ಸಿಬ್ಬಂದಿಯ ಜಾಗದಲ್ಲಿ ದೇಶೀಯರನ್ನು ತಯಾರು ಮಾಡಿದರು, ಖರ್ಚು ಬಿಗಿಮಾಡಿದರು. ಕಾರ್ಖಾನೆ ಚೇತರಿಸಿಕೊಳ್ಳುವವರೆಗೆ ತಮ್ಮ ಸಂಬಳ ಮುಟ್ಟಲಿಲ್ಲ. ಕೊನೆಗೆ ಬಂದ ಲಕ್ಷಕ್ಕೂ ಮೀರಿದ ಬಾಕಿಯನ್ನು ಕಸುಬು ಕಲಿಸುವ ಸಂಸ್ಥೆಗೆಂದು ಬಿಟ್ಟುಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯ ಬೇರು ಭದ್ರಾವತಿಯ ಈ ಹಣದಲ್ಲಿದೆ.

ಮುಂದಿನದು ಬೆಳವಣಿಗೆಯ ಕಾಲ. 1936ರಲ್ಲಿ ಉಕ್ಕಿನ ಘಟಕ, 1938ರಲ್ಲಿ ಸಿಮೆಂಟು, 1942ರಲ್ಲಿ ಫೆರೋಸಿಲಿಕಾನ್. ಇದ್ದಿಲಿನ ಮೇಲಿನ ಭಾರ ತಗ್ಗಿಸಿದ್ದು ಇನ್ನೊಂದು ನದಿ. 1948ರಲ್ಲಿ ಜೋಗದ ವಿದ್ಯುತ್ತು ಬಂತು. 1952ರಲ್ಲಿ ನಾರ್ವೆ ಮಾದರಿಯ ವಿದ್ಯುತ್ ಕುಲುಮೆಗಳು ಕಬ್ಬಿಣ ಕರಗಿಸತೊಡಗಿದವು. ಶರಾವತಿ ಬಿದ್ದ ರಭಸಕ್ಕೆ ಬಾಬಾಬುಡನ್ನಿನ ಕಲ್ಲು ಭದ್ರೆಯ ದಂಡೆಯಲ್ಲಿ ಕರಗಿತು ಎಂದರೆ ಅಲಂಕಾರವಲ್ಲ, ನಿಜಸ್ಥಿತಿ. 1962ರಲ್ಲಿ ಕಾರ್ಖಾನೆ ಕಂಪನಿಯಾಯಿತು, 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು. ಸಾಮಾನ್ಯ ಉಕ್ಕು ಬಿಟ್ಟು ಮಿಶ್ರಲೋಹದ ವಿಶೇಷ ಉಕ್ಕಿನತ್ತ ಹೊರಳಿತು.

ಇತ್ತ 1936ರಲ್ಲೇ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆ ಮಲೆನಾಡಿನ ಬಿದಿರನ್ನು ಬರೆಯುವ ಹಾಳೆ ಮಾಡಿತು. 1980ರ ದಶಕದಲ್ಲಿ ಅದು ಸುದ್ದಿಪತ್ರಿಕೆಯ ಕಾಗದಕ್ಕೂ ಕೈಹಾಕಿತು. ಆ ವರ್ಷಗಳಲ್ಲಿ ನಾಡಿನ ಓದುಗರು ಬೆಳಗಿನ ಕಾಫಿಯೊಂದಿಗೆ ಬಿಡಿಸುತ್ತಿದ್ದ ಪತ್ರಿಕೆಗಳಲ್ಲಿ ಎಷ್ಟೋ ಪುಟ ಭದ್ರಾವತಿಯ ಪೇಪರ್ ಟೌನಿನಿಂದ ಹೊರಟವು.

ಎರಡು ಕಾರ್ಖಾನೆ ಸೇರಿ ಒಂದು ಹೊಸ ಬಗೆಯ ಊರನ್ನು ಕಟ್ಟಿದವು. ಮಲೆನಾಡಿನ ಊರೆಂದರೆ ತೋಟದ ನಡುವೆ ಒಂಟಿ ಮನೆ, ಅಡಿಕೆ, ಮಳೆಗಾಲದ ಮೌನ. ಭದ್ರಾವತಿಯಲ್ಲಿ ಸೈರನ್ನು ಕೂಗಿದರೆ ಹೊತ್ತು ಗೊತ್ತಾಗುತ್ತಿತ್ತು. ನ್ಯೂ ಟೌನ್, ಪೇಪರ್ ಟೌನ್, ಜನ್ನಾಪುರ, ಹುತ್ತಾ ಕಾಲೋನಿ, ಹೊಸಮನೆ: ಈ ಹೆಸರುಗಳಲ್ಲೇ ವಲಸೆಯ ಚರಿತ್ರೆ ಇದೆ. ತಮಿಳು, ತೆಲುಗು, ಉರ್ದು, ಮಲಯಾಳ ಆಡುವವರು ಪಾಳಿ ಮುಗಿಸಿ ಒಂದೇ ಅಂಗಡಿಯಲ್ಲಿ ಚಹಾ ಕುಡಿದರು. ಅವರ ಮಕ್ಕಳು ಕನ್ನಡ ಶಾಲೆಗೆ ಹೋದರು. ಕ್ರಿಕೆಟಿನ ಗುಂಡಪ್ಪ ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಸಿನಿಮಾದ ದೊಡ್ಡಣ್ಣ ಬಣ್ಣ ಹಚ್ಚುವ ಮುಂಚೆ ಈ ಉಕ್ಕಿನ ಕಾರ್ಖಾನೆಯ ನೌಕರರು. 1960ರ ದಶಕದಲ್ಲಿ ಆಕಾಶವಾಣಿಯ ಕೇಂದ್ರ ಬಂದದ್ದೂ ಜಿಲ್ಲಾ ಕೇಂದ್ರವಾದ ಶಿವಮೊಗ್ಗಕ್ಕಲ್ಲ, ಭದ್ರಾವತಿಗೆ. ಶಿವಮೊಗ್ಗದವರಿಗೆ ಇದರಿಂದ ತುಸು ಹೊಟ್ಟೆಕಿಚ್ಚು ಆದದ್ದುಂಟು. ಆದರೆ ಲಾಭವೂ ಆಯಿತು. ಎರಕದ ಕೆಲಸ ಬಲ್ಲ ಕೈಗಳು ಪಕ್ಕದಲ್ಲೇ ಇದ್ದುದರಿಂದ ಶಿವಮೊಗ್ಗದಲ್ಲಿ, ಎರಡೂ ಊರುಗಳ ನಡುವಿನ ಮಾಚೇನಹಳ್ಳಿಯಲ್ಲಿ ಖಾಸಗಿ ಎರಕದ ಕಾರ್ಖಾನೆಗಳು ಎದ್ದವು. ವಾಹನಗಳ ಬಿಡಿಭಾಗಗಳನ್ನು ಎರಕ ಹೊಯ್ಯುವ ಈ ಉದ್ಯಮ ಇಂದಿಗೂ ನಡೆಯುತ್ತಿದೆ.

ಕಾಡಿನ ಲೆಕ್ಕವನ್ನು ಕೇಳದೆ ಮುಂದೆ ಹೋಗುವಂತಿಲ್ಲ. ಇಜುಮೊದಲ್ಲಿ ಕಾಡೂ ಕುಲುಮೆಯೂ ಒಬ್ಬನ ಕೈಯಲ್ಲಿತ್ತು. ಇಲ್ಲಿ ಕಾಡು ಒಂದು ಇಲಾಖೆಯದು, ಕುಲುಮೆ ಇನ್ನೊಂದರದು. ಕಡಿಯುವವರಿಗೆ ಮೂವತ್ತು ವರ್ಷದ ಮುಂದಿನ ಚಿಂತೆ ಇರಬೇಕಾದ ಕಾರಣವೇ ಇರಲಿಲ್ಲ. ಬಿದಿರು ಬರಿದಾದಾಗ ನೀಲಗಿರಿ, ಅಕೇಷಿಯಾಗಳು ಬಂದವು. 1980ರಲ್ಲಿ ಸರ್ಕಾರ ಕಾಗದದ ಕಾರ್ಖಾನೆಗೆ ಸುಮಾರು ಇಪ್ಪತ್ತು ಸಾವಿರ ಹೆಕ್ಟೇರು ಅರಣ್ಯಭೂಮಿಯನ್ನು ನಲವತ್ತು ವರ್ಷದ ಗುತ್ತಿಗೆಗೆ ಕೊಟ್ಟಿತು. ಮಲೆನಾಡಿನವರು ‘ಎಂಪಿಎಂ ಕಾಡು’ ಎಂದೇ ಕರೆದ ಈ ತೋಪುಗಳ ಕೆಳಗೆ ದನಕ್ಕೆ ಮೇವಿಲ್ಲ, ಒಲೆಗೆ ಸೊಪ್ಪಿಲ್ಲ, ಹಕ್ಕಿಗೆ ಹಣ್ಣಿಲ್ಲ. 2015ರ ಕೊನೆಗೆ ಕಾಗದದ ಯಂತ್ರ ನಿಂತಿತು. ಯಂತ್ರ ನಿಂತ ಮೇಲೂ 2020ರಲ್ಲಿ ಗುತ್ತಿಗೆಯನ್ನು ಮತ್ತೆ ನಲವತ್ತು ವರ್ಷಕ್ಕೆ ಮುಂದುವರಿಸಲು ಸರ್ಕಾರ ಆದೇಶ ಮಾಡಿದಾಗ ಜಿಲ್ಲೆಯಲ್ಲಿ ವಿರೋಧ ಎದ್ದದ್ದು ಸಹಜ. ಕಾಗದ ಮಾಡದ ಕಾರ್ಖಾನೆಗೆ ಕಾಡೇಕೆ ಎಂಬ ಪ್ರಶ್ನೆಗೆ ಸಮಾಧಾನದ ಉತ್ತರ ಕೊಡುವುದು ಕಷ್ಟವೇ. ಇದಕ್ಕೆ ಎದುರಾದ ಇನ್ನೊಂದು ಚಿತ್ರವೂ ಇದೆ. ಕೆಮ್ಮಣ್ಣುಗುಂಡಿಗೆ ತಾಗಿದ ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗಿದ್ದ ಹಳ್ಳಿಗಳ ಜನರಿಗೆ ಹೊರಗೆ ನೆಲೆ ಕೊಟ್ಟ ಮೇಲೆ ಅಲ್ಲಿ ಕಾಡು ಮತ್ತೆ ತುಂಬಿಕೊಂಡಿದೆ.

ಉಕ್ಕಿನ ಕಾರ್ಖಾನೆಯ ಇಳಿಗಾಲವೂ ನೆಲದ ಲೆಕ್ಕದಿಂದಲೇ ಶುರುವಾಯಿತು. ಅದಿರಿನ ಬೆಟ್ಟದ ಬುಡದಲ್ಲಿದೆ ಎಂಬ ಕಾರಣಕ್ಕೆ ಹುಟ್ಟಿದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಗಣಿ ನಿಂತ ಮೇಲೆ ಸ್ವಂತ ಅದಿರಿಲ್ಲದಂತಾಯಿತು. 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಬಂದ ಅದು 1998ರಲ್ಲಿ ಪ್ರಾಧಿಕಾರದಲ್ಲೇ ವಿಲೀನವಾಯಿತು. ಬೊಕಾರೊ, ಭಿಲಾಯಿಗಳ ಪಕ್ಕದಲ್ಲಿ ಅದು ತೀರ ಚಿಕ್ಕ ಕೂಸು. ಮಾರಿಬಿಡುವ ತೀರ್ಮಾನಕ್ಕೆ 2016ರಲ್ಲಿ ತಾತ್ವಿಕ ಒಪ್ಪಿಗೆ ಬಿತ್ತು, ಕೊಳ್ಳುವವರು ಬರಲಿಲ್ಲ. 2023ರ ಜನವರಿಯಲ್ಲಿ, ಕುಲುಮೆಗೆ ಸರಿಯಾಗಿ ನೂರು ತುಂಬಿದ ತಿಂಗಳಲ್ಲೇ, ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ಬಾಗಿಲ ಮುಂದೆ ಧರಣಿ ಕೂತರು. ಅವರಲ್ಲಿ ಕಾಯಂ ಕಾರ್ಮಿಕರ ಮಕ್ಕಳಿದ್ದರು, ಮೊಮ್ಮಕ್ಕಳಿದ್ದರು. ಅವರು ಕೇಳಿದ್ದು ಕೂಲಿಯನ್ನಷ್ಟೇ ಅಲ್ಲ. ಕಾರ್ಖಾನೆ ಹೋದರೆ ಆಸ್ಪತ್ರೆ, ಶಾಲೆ, ಮನೆಯ ಬಾಡಿಗೆ, ಅಂಗಡಿಯ ಸಾಲ ಎಲ್ಲವೂ ಒಟ್ಟಿಗೆ ಹೋಗುತ್ತವೆ ಎಂಬುದು ಅವರಿಗೆ ಪಕ್ಕದ ಪೇಪರ್ ಟೌನನ್ನು ನೋಡಿಯೇ ತಿಳಿದಿತ್ತು.

ಜಪಾನಿನವರು ಆರಿದ ಒಲೆಯನ್ನು ಏನು ಮಾಡಿದರು? ಮೊದಲಿಗೆ ಮರೆತರು. ಯುದ್ಧಕಾಲದಲ್ಲಿ ಖಡ್ಗಕ್ಕೆಂದು ಒಮ್ಮೆ ಹೊತ್ತಿಸಿ 1945ರಲ್ಲಿ ಮತ್ತೆ ಆರಿಸಿದರು. ಆಮೇಲೆ ಖಡ್ಗ ಬಡಿಯುವ ಕಮ್ಮಾರರಿಗೆ ಉಕ್ಕು ಸಿಗದಂತಾಯಿತು. ಕಾರ್ಖಾನೆಯ ಉಕ್ಕು ಆ ಕೆಲಸಕ್ಕೆ ಒಗ್ಗುವುದಿಲ್ಲ. ಖಡ್ಗ ಸಂರಕ್ಷಣೆಯ ಸಂಘವೊಂದು ಮುಂದೆ ಬಂದು, ಹಳೆಯ ಕೆಲಸ ಬಲ್ಲ ಮುರಗೆಗಳು ಇನ್ನೂ ಬದುಕಿದ್ದಾಗಲೇ ಅವರನ್ನು ಹುಡುಕಿ, 1977ರಲ್ಲಿ ಒಕುಇಜುಮೊದಲ್ಲಿ ತತಾರವನ್ನು ಮರಳಿ ಹೊತ್ತಿಸಿತು. ಇನ್ನು ಹತ್ತು ಹದಿನೈದು ವರ್ಷ ತಡವಾಗಿದ್ದರೆ ಕಲಿಸುವವರೇ ಇರುತ್ತಿರಲಿಲ್ಲ. ಅಂದಿನಿಂದ ಚಳಿಗಾಲದಲ್ಲಿ ಆ ಒಲೆ ಉರಿಯುತ್ತದೆ. ತೆಗೆದ ಉಕ್ಕನ್ನು ದೇಶದ ಖಡ್ಗದ ಕಮ್ಮಾರರಿಗೆ ಹಂಚುತ್ತಾರೆ. ಸುಗಯದ ಹಳೆಯ ಒಲೆಮನೆಯನ್ನು, ಅದರ ಮುಂದಿನ ಕತ್ಸುರ ಮರದ ಸಮೇತ ಕಾಪಾಡಿದ್ದಾರೆ. ಒಲೆಯ ಅಧಿದೇವತೆ ಕನಯಗೊ ಆ ಜಾತಿಯ ಮರದ ಮೇಲೆಯೇ ಇಳಿದಳೆಂದು ನಂಬಿಕೆ. ವಸಂತದಲ್ಲಿ ಅದರ ಎಳೆಯ ಚಿಗುರು ಕೆಂಪಾಗಿ ಬೆಂಕಿ ಹೊತ್ತಿದಂತೆ ಕಾಣುತ್ತದಂತೆ. 2016ರಲ್ಲಿ ಜಪಾನ್ ಸರ್ಕಾರ ಇಜುಮೊದ ತತಾರ ಸೀಮೆಯನ್ನೇ ದೇಶದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದನ್ನು ಕೇಳಿ ಭದ್ರಾವತಿಯನ್ನೂ ವಸ್ತುಸಂಗ್ರಹಾಲಯ ಮಾಡಿಬಿಡಿ ಎಂದರೆ ಧರಣಿ ಕೂತವರಿಗೆ ಕೋಪ ಬರುತ್ತದೆ, ಬರಬೇಕಾದ್ದೇ. ವರ್ಷಕ್ಕೆ ಕೆಲವು ಸಲ ಉರಿಯುವ ಒಲೆ ಒಂದು ಊರಿಗೆ ಅನ್ನ ಹಾಕುವುದಿಲ್ಲ. ಇಜುಮೊಗೆ ಅನ್ನ ಹಾಕಿದ್ದು ಬೇರೆ: ತತಾರದ ಕಸುಬು ಬಲ್ಲ ಕರಾವಳಿಯ ಯಸುಗಿ ಪಟ್ಟಣದಲ್ಲಿ ವಿಶೇಷ ಉಕ್ಕಿನ ಹೊಸ ಕಾರ್ಖಾನೆ ಬೆಳೆಯಿತು. ಚಾಕು, ಕ್ಷೌರದ ಅಲಗು, ಉಪಕರಣಗಳ ಉಕ್ಕಿಗೆ ಯಸುಗಿಯ ಹೆಸರು ಜಗತ್ತಿಗೇ ಗೊತ್ತು. ದೊಡ್ಡ ಕಾರ್ಖಾನೆಗಳ ಜೊತೆ ಟನ್ನಿನ ಲೆಕ್ಕದಲ್ಲಿ ಸ್ಪರ್ಧೆಗಿಳಿಯದೆ, ಅವು ಮಾಡಲಾಗದ್ದನ್ನು ಮಾಡಿ ಅದು ಉಳಿಯಿತು. ಭದ್ರಾವತಿ 1960, 70ರ ದಶಕಗಳಲ್ಲಿ ಮಿಶ್ರಲೋಹದತ್ತ ತಿರುಗಿದಾಗ ಹಿಡಿದದ್ದೂ ಇದೇ ದಾರಿ. ದಾರಿ ತಪ್ಪಾಗಿರಲಿಲ್ಲ, ನಡುವೆ ಬಂಡವಾಳ ನಿಂತಿತು, ಅದಿರು ನಿಂತಿತು.

ಇನ್ನೊಂದು ಚಿಕ್ಕ ಸಂಗತಿ. ಇಜುಮೊದ ಕಬ್ಬಿಣದ ಮನೆತನಗಳು ಕಡಿದ ಕಾಡಿನ, ಕೊಂಡ ಇದ್ದಿಲಿನ, ಕೊಟ್ಟ ಕೂಲಿಯ ಕಡತಗಳನ್ನು ಜೋಪಾನವಾಗಿ ಇಟ್ಟಿದ್ದರು. ಒಲೆಯನ್ನು ಮರಳಿ ಹೊತ್ತಿಸಲ ಮುರಗೆಯ ಕೈಯ ಹದದ ಜೊತೆಗೆ ಹಳೆಯ ಬರಹಗಳ ನೆರವೂ ಬೇಕಾಯಿತು. ಭದ್ರಾವತಿಯಲ್ಲಿ ನೂರು ವರ್ಷದ ಕಡತಗಳಿವೆ, ನಕ್ಷೆಗಳಿವೆ, ಫೋಟೋಗಳಿವೆ. ಕಟ್ಟಿಗೆಯ ಬಟ್ಟಿ, ಹಗ್ಗದ ದಾರಿ, ಟ್ರಾಮ್ ಬಂಡಿಗಳನ್ನು ಕಣ್ಣಾರೆ ಕಂಡ ಹಿರಿಯರು ಜನ್ನಾಪುರದ, ನ್ಯೂ ಟೌನಿನ ಜಗಲಿಗಳಲ್ಲಿ ಇನ್ನೂ ಕೆಲವರು ಸಿಗುತ್ತಾರೆ. ಇವರ ಮಾತನ್ನು ಬರೆದಿಟ್ಟುಕೊಳ್ಳಲು ಕಾರ್ಖಾನೆಯ ಭವಿಷ್ಯ ತೀರ್ಮಾನವಾಗುವವರೆಗೆ ಕಾಯಬೇಕಾಗಿಲ್ಲ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಶಿವಮೊಗ್ಗದಲ್ಲಿ 1930ರಿಂದ ಕರ್ನಾಟಕ ಸಂಘವಿದೆ. ಕೋಟೆಯ ಅರಮನೆಯ ಅಂಗಳದಲ್ಲಿ ಹೊಯ್ಸಳರ ಕಲ್ಲಿಗೆ ಜಾಗ ಸಿಕ್ಕಿದೆ. ಕೆಮ್ಮಣ್ಣುಗುಂಡಿಯ ಒಂದು ಅದಿರಿನ ತೊಟ್ಟಿಗೂ ಅಲ್ಲಿ ಜಾಗ ಮಾಡಬಹುದು.

2023ರ ಆಗಸ್ಟಿನಲ್ಲಿ ಭದ್ರಾವತಿಯ ಕಾರ್ಖಾನೆಯ ಒಂದು ಭಾಗ ಮತ್ತೆ ತಿರುಗಿತು. ಕುಲುಮೆಯಲ್ಲ, ಸರಳು ಎಳೆಯುವ ಗಿರಣಿ. ಹೊರಗಿನಿಂದ ತಂದ ಉಕ್ಕಿನ ದಿಂಡುಗಳನ್ನು ಕೆಂಪಗೆ ಕಾಯಿಸಿ ಉರುಳೆಗಳ ನಡುವೆ ತೂರಿಸಿದರು. ಬಾಗಿಲ ಹೊರಗೆ ನಿಂತಿದ್ದವರು ಸಿಹಿ ಹಂಚಿದರು, ಧರಣಿಯ ಚಪ್ಪರವನ್ನು ಮಾತ್ರ ಬಿಚ್ಚಲಿಲ್ಲ.